ಕಂದು, ಹೆಣ್ಣು, ಟೆರಿಯರ್, ಒಂದು

ಜನಗಣತಿಯ ಪುಸ್ತಕ ಕೇಳಿದೆ.
ಹಳೆಯದು ಸುಟ್ಟುಹೋಯಿತು ಎಂದರು. ಆಮೇಲಿನದು?
ಅರೆದುಹಾಕಿದರು, ಯುದ್ಧಕಾಲ, ಕಾಗದಕ್ಕೆ ಬರ.
ಮುಲ್ಲಿಂಗರ್ ಗ್ರಂಥಾಲಯದ ಆ ಹುಡುಗ,
ನೆಗಡಿಯ ಮೂಗು, ಮೊಣಕೈಯಲ್ಲಿ ಹರಿದ ಸ್ವೆಟರು,
ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿದ:
"ನಿಮ್ಮವರು ನಾಯಿ ಸಾಕಿದ್ದರೇ?"

ಆಡಿಕೊಂಡನೇನೋ ಅಂದುಕೊಂಡೆ.
ಹನ್ನೊಂದು ಸಾವಿರ ಕಿಲೋಮೀಟರು ದಾಟಿ
ಕುರಿ ಮಾರಿದ ದುಡ್ಡಲ್ಲಿ ಬಂದವಳು ನಾನು,
ಅರ್ಜೆಂಟೀನಾದ ಬಯಲಿನ ರೊಸೌರಾ.
ಮನೆತನದ ಹೆಸರನ್ನು ನಮ್ಮೂರ ಬಾಯಿ
ಹೆಯೊಗೆಗನ್ ಎನ್ನುತ್ತದೆ, ಕೆಮ್ಮಿ ಕಫ ತೆಗೆದ ಹಾಗೆ.
ಇಲ್ಲಿ ಅದು ಗೇಗನ್. ಎರಡೇ ಗುಟುಕು.
ಬರೆದ ಅಕ್ಷರಗಳಲ್ಲಿ ಅರ್ಧ ಸುಮ್ಮನೆ ಕೂತಿರುತ್ತವೆ
ಮದುವೆಗೆ ಬಂದ ದೂರದ ನೆಂಟರ ಹಾಗೆ.

ನಾಯಿಗೂ ಕಂದಾಯವಿತ್ತಂತೆ ಆಗ.
ವರ್ಷಕ್ಕೊಮ್ಮೆ ಕಚೇರಿಯ ಕಿಟಕಿಗೆ ಸಾಲು,
ತಲೆಗೆ ಎರಡೂವರೆ ಶಿಲ್ಲಿಂಗು.
ಮನುಷ್ಯರ ಲೆಕ್ಕ ಬೂದಿ; ನಾಯಿಗಳದ್ದು ಉಳಿದಿದೆ
ದಪ್ಪ ರಟ್ಟಿನೊಳಗೆ, ಮಾಸಿದ ಶಾಯಿಯಲ್ಲಿ, ಅಚ್ಚುಕಟ್ಟಾಗಿ.

ಮೂರನೆಯ ದಿನ ಸಿಕ್ಕ.
ಲಾರೆನ್ಸ್ ಗೇಗನ್, ಕ್ನಾಕ್‌ಬ್ರಾಕ್.
ಕಂದು, ಹೆಣ್ಣು, ಟೆರಿಯರ್, ಒಂದು.
ಸಾವಿರದ ಎಂಟುನೂರ ಅರವತ್ತೇಳು.
ಮರುವರ್ಷವೂ ಅದೇ ಸಾಲು.
ಅರವತ್ತೊಂಬತ್ತರಲ್ಲಿ ಲಾರೆನ್ಸ್ ಇಲ್ಲ.
ಪೀಟರ್ ಗೇಗನ್, ಅದೇ ಊರು.
ಕಂದು, ಹೆಣ್ಣು, ಟೆರಿಯರ್, ಒಂದು.

ಬೆರಳು ಅಲ್ಲೇ ನಿಂತಿತು.
ಹಡಗಿನ ಪಟ್ಟಿ ಹೇಳದ್ದನ್ನು, ಪಾದ್ರಿ ಬರೆದಿಡದ್ದನ್ನು
ನಾಯಿ ಹೇಳಿತು: ಈ ಎರಡು ಸಾಲಿನ ನಡುವೆ ಎಲ್ಲೋ
ಅವನು ಹೋದ,
ಅಣ್ಣನ ಕೈಗೆ ಹಗ್ಗ ಕೊಟ್ಟು.

ಅಟ್ರಾಕ್ಟಾ ಸಿಕ್ಕಿದ್ದು ಬೇರೆ ದಾರಿಯಲ್ಲಿ.
ನಾನೊಂದು ಕೊಳವೆಗೆ ಉಗುಳಿ ಅಂಚೆಗೆ ಹಾಕಿದ್ದೆ,
ಅವಳ ಕೈಲೂ ಮೊಮ್ಮಗ ಉಗುಳಿಸಿದ್ದ, ಕ್ರಿಸ್‌ಮಸ್ ಉಡುಗೊರೆಯೆಂದು.
ಎಂಜಲು ಎಂಜಲಿನ ಗುರುತು ಹಿಡಿಯಿತು.

ಎಂಬತ್ತೊಂದು ವರ್ಷ. ಗೇಟಿನ ಬಳಿ ರಬ್ಬರ್ ಬೂಟಿನಲ್ಲಿ ನಿಂತವಳು
ಕೈ ಕುಲುಕಲಿಲ್ಲ, ಅಪ್ಪಿಕೊಳ್ಳಲಿಲ್ಲ.
"ನೀನು ಯಾರ ಪೈಕಿ?" ಅಂದಳು.
ಚೀಲದಿಂದ ವಂಶವೃಕ್ಷ ತೆಗೆದು ಮಡಿಕೆ ಬಿಚ್ಚಿದೆ,
ಗಾಳಿಗೆ ಅದು ಪಟಪಟ ಹೊಡೆದುಕೊಂಡಿತು.
ಅವಳು ನೋಡಿದ್ದು ನನ್ನ ಕಿವಿ.
"ಹ್ಞೂಂ, ನಮ್ಮವೇ. ಬಾ, ನೀರು ಕುದೀತಿದೆ."

ಅಡುಗೆಮನೆಯಲ್ಲಿ ಮಾತು ಬೇಗ ಮುಗಿಯಿತು.
ಅವರ ಕಡೆ ಲಾರೆನ್ಸನ ಕಥೆಯೇ ಇಲ್ಲ.
ಒಂದು ಫೋಟೊ, ಒಂದು ಕಾಗದ, ಹೋಗಲಿ ಒಂದು ಬೈಗುಳ.
ನೂರೈವತ್ತು ವರ್ಷ ಹಬ್ಬದ ಊಟಕ್ಕೆ
ಇವರ ಹೆಸರಲ್ಲಿ ನಾವೊಂದು ತಟ್ಟೆ ಹೆಚ್ಚಿಡುತ್ತಿದ್ದೆವು;
ಇವರಿಗೆ ನಾವು ಇದ್ದೇವೆಂದೇ ಗೊತ್ತಿರಲಿಲ್ಲ.
ಬ್ರೆಡ್ಡಿಗೆ ಬೆಣ್ಣೆ ಸವರುತ್ತ "ಹೋದವರು ಹೋದರು" ಅಂದಳು,
ಕಟುವಾಗೇನಲ್ಲ, ಮೋಡದ ಬಗ್ಗೆ ಹೇಳುವ ಹಾಗೆ.

ಮೇಜಿನಡಿ ಏನೋ ನನ್ನ ಕಾಲು ನೆಕ್ಕಿತು.
ರೂಢಿಯ ಮೇಲೆ ಕರೆದೆ: "ಅವಾದ್ರಾ!"
ನಮ್ಮ ಮನೆಯಲ್ಲಿ ಎಲ್ಲ ನಾಯಿಗೂ ಅದೇ ಹೆಸರು,
ಅಪ್ಪನ ನಾಯಿಗೆ, ತಾತನ ನಾಯಿಗೆ, ಅವನ ಅಪ್ಪನದಕ್ಕೆ.
ಯಾಕೆಂದು ಯಾರೂ ಕೇಳಿರಲಿಲ್ಲ.

ಅಟ್ರಾಕ್ಟಾ ಚಾಕು ಕೆಳಗಿಟ್ಟಳು.
"ಅದು ಹೆಸರಲ್ಲವೇ ಹುಡುಗಿ. ಹಳೇ ಭಾಷೆ.
ನಾಯೀ ಅಂತ ಕೂಗೋದು, ಅಷ್ಟೇ.
ಶಾಲೇಲಿ ಹೊಡೆದು ಕಲಿಸಿದ್ದರು, ಮರೆತಿದ್ದೆ."
ಕಟ್ಟಿಸಿದ ಹಲ್ಲು ಅಲುಗುವಷ್ಟು ನಕ್ಕಳು:
"ಇಷ್ಟು ತಲೆಮಾರು ನಾಯಿಯನ್ನ ನಾಯೀ ಅಂತಲೇ ಕರೆದಿರಾ!"

ನಾನೂ ನಕ್ಕೆ. ಆಮೇಲೆ ನಗು ನಿಂತಿತು.
ಆ ಪುಸ್ತಕದಲ್ಲಿ ಬಣ್ಣಕ್ಕೆ ಜಾಗವಿದೆ,
ಜಾತಿಗೆ, ಲಿಂಗಕ್ಕೆ, ಕೊಟ್ಟ ಕಾಸಿಗೆ. ಹೆಸರಿಗಿಲ್ಲ.
ಪೀಟರ್ ಸಂಜೆ ಏನೆಂದು ಕೂಗಿದನೋ,
ಆ ಕಂದು ನಾಯಿ ಯಾರ ದನಿಗೆ ಕಿವಿ ನಿಮಿರಿಸಿತೋ.

"ಹಳೇ ಮನೆ ತೋರಿಸ್ತೀನಿ. ಗೋಡೆ ಒಂದೂವರೆ ಇದೆ,
ಮಿಕ್ಕಿದ್ದು ತುರಿಕೆ ಗಿಡ" ಎನ್ನುತ್ತ
ಮಗನ ಬೂಟು ತಂದು ಮುಂದಿಟ್ಟಳು. ಎರಡಳತೆ ದೊಡ್ಡದು.
"ಜೋಡಿ ಕಾಲುಚೀಲ ಹಾಕ್ಕೋ."
ಬಾಗಿಲು ತೆಗೆಯುವ ಮೊದಲೇ
ನಾಯಿ ಎದ್ದು ನಿಂತಿತ್ತು.